ಆಯ್ತು ಮೇಡಂ

ಸತ್ಯವತಿಯವರಿಗೆ ಅರವತ್ತಾರು ವರ್ಷ. ಅಷ್ಟು ವರ್ಷದಲ್ಲಿ ಯಾವ ಮನುಷ್ಯರ ಮೇಲೂ ಬಾರದಷ್ಟು ಸಿಟ್ಟು ಆ ಒಂದು ವಾರದಲ್ಲಿ ಅವರಿಗೆ ಒಂದು ಮಾತಿನ ಮೇಲೆ ಬಂತು. ಆ ಮಾತು 'ಆಯ್ತು'.

ನೀವೇ ಹೇಳಿ, ಇದೂ ಒಂದು ಮಾತಾ? 'ಊಟ ಆಯ್ತು' ಅಂದ್ರೆ ಕೈ ತೊಳೆದಾಗಿದೆ ಅಂತ. 'ಆಯ್ತು, ಊಟ ಮಾಡ್ತೀನಿ' ಅಂದ್ರೆ ಇನ್ನೂ ತಟ್ಟೆನೇ ಹಾಕಿಲ್ಲ ಅಂತ. ಕೆಲಸ ಮುಗಿಸಿದವನದೂ ಅದೇ ಮಾತು, ಮಾಡ್ತೀನಿ ಅಂತ ಬರೀ ತಲೆ ಆಡಿಸುವವನದೂ ಅದೇ ಮಾತು. ಇದನ್ನ ನಂಬಿಕೊಂಡು ಕಾರನ್ನ ರಿಪೇರಿಗೆ ಬಿಟ್ಟರೆ ತಲೆ ಕೆಡದೆ ಇನ್ನೇನಾಗುತ್ತೆ?

ಕಾರು ಎರಡು ಸಾವಿರನೇ ಇಸವಿ ಮಾಡೆಲ್ಲಿನದು, ಬಿಳಿ ಬಣ್ಣದ್ದು, ಪುಟ್ಟದು. ಸತ್ಯವತಿಯವರು ಹೆಬ್ಬಾಳದ ಪಶುವೈದ್ಯ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ, ಅಲ್ಲಿನ ಪ್ರೊಫೆಸರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆಗ ಅವರಿಗೆ ನಲವತ್ನಾಲ್ಕು. ಡ್ರೈವಿಂಗ್ ಕಲಿತು ತಿಂಗಳಾಗಿತ್ತಷ್ಟೆ. ಯಜಮಾನರನ್ನ ಕೇಳಲಿಲ್ಲ, ಅಣ್ಣನನ್ನ ಕೇಳಲಿಲ್ಲ. ಒಂದು ಸಂಜೆ ಸುಮ್ಮನೆ ಯಲಹಂಕದ ಮನೆ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದರು. ಯಜಮಾನರು ಬಾಗಿಲಲ್ಲಿ ನಿಂತು, "ಯಾರದ್ದೇ ಇದು?" ಅಂದರು. "ನನ್ನದು" ಅಂದರು ಇವರು. ಹಾಗೆ ಹೇಳಿದ್ದು ಅದೇ ಮೊದಲು, ಅದೇ ಕೊನೆ.

ಯಾಕಂದ್ರೆ ಮಿಕ್ಕಿದ್ದಕ್ಕೆಲ್ಲ ಅವರು 'ಆಯ್ತು' ಅಂದುಕೊಂಡೇ ಬಂದವರು. ಗಂಡು ನೋಡಿದ್ದೀನಿ ಅಂತ ಅಪ್ಪ ಅಂದಾಗ, ಆಯ್ತಪ್ಪ. ಬಡ್ತಿ ಸಿಕ್ಕಿತು, ಆದ್ರೆ ಬೀದರಿಗೆ ಹೋಗ್ಬೇಕು ಅಂದಾಗ ಯಜಮಾನರು ಬೇಡ ಅಂದರು, ಆಯ್ತು ಕಣ್ರೀ. ಯಜಮಾನರು ಹೋದಮೇಲೆ ಮಗ ಪ್ರದ್ಯುಮ್ನ ಅಂಗಳದ ನುಗ್ಗೆಮರ ಕಡಿಸಿ ಸಿಮೆಂಟ್ ಹಾಕಿಸ್ತೀನಿ ಅಂದ, ಆಯ್ತು ಕಣೋ. ನಾಲ್ಕು ದಿನ ಒಳಗೊಳಗೇ ಕುದಿಯೋದು, ಐದನೇ ದಿನ ಸಾರಿಗೆ ಒಗ್ಗರಣೆ ಹಾಕೋದು, ಇಷ್ಟೇ ಅವರ ಸಿಟ್ಟಿನ ಆಯಸ್ಸು.

ಆ ಸಿಮೆಂಟಿನ ಮೇಲೆ ಒಂದೇ ಕಾರಿಗೆ ಜಾಗ. ಅಮ್ಮನ ಕಾರು ಒಳಗೆ, ಮಗನ ಹೊಸ ಕಾರು ರಸ್ತೆ ಮೇಲೆ. ಪ್ರದ್ಯುಮ್ನ ಕೆಟ್ಟವನಲ್ಲ, ಆದ್ರೆ ಅದು ಅವನ ಕಣ್ಣಿಗೆ ದಿನಾ ಚುಚ್ಚುತ್ತಿತ್ತು. ಅದರ ಮೇಲೆ ಈ ನಡುವೆ ಮುದಿ ಕಾರು ಸದ್ದು ಬೇರೆ ಶುರು ಮಾಡಿತ್ತು. ಸ್ಟಾರ್ಟ್ ಮಾಡಿದರೆ ಟಕಟಕಟಕ ಅಂತ ಬೀದಿಗೆಲ್ಲ ಕೇಳೋದು. "ಅಮ್ಮ, ಮರ್ಯಾದೆ ಹೋಗ್ತಿದೆ. ಫೋನ್ ಒತ್ತಿದ್ರೆ ಆಟೋ ಬಾಗಿಲಿಗೇ ಬರುತ್ತೆ. ಇನ್ನೂ ಯಾಕೆ ಇದು?" ಅಂದ. ಐದು ವರ್ಷಕ್ಕೊಮ್ಮೆ ಆರ್‌ಟಿಓಗೆ ಗಾಡಿ ತೋರಿಸಿ ರಿಜಿಸ್ಟ್ರೇಷನ್ ಮುಂದುವರಿಸಬೇಕಲ್ಲ, ಅದೂ ಗುರುವಾರ ಹನ್ನೊಂದು ಗಂಟೆಗೆ ಬಂದು ಕೂತಿತ್ತು. "ಗುರುವಾರ ಪಾಸಾದ್ರೆ ಇರ್ಲಿ. ಇಲ್ಲಾಂದ್ರೆ ಗುಜರಿಗೆ" ಅಂದ ಮಗ. ಸತ್ಯವತಿಯವರು ಏನಂದಿರಬೇಕು? ಆಯ್ತು ಅಂದರು.

ಕಾರನ್ನ ಕೋಗಿಲು ರಸ್ತೆಯ ಖಾದರ್ ಬಾಷಾ ಅವರ ಗ್ಯಾರೇಜಿಗೆ ಬಿಟ್ಟಿದ್ದು ಹಿಂದಿನ ಶುಕ್ರವಾರ. ಇಪ್ಪತ್ತು ವರ್ಷದಿಂದ ಆ ಕಾರಿಗೆ ಕೈ ಹಾಕಿದವರು ಅವರೊಬ್ಬರೇ. ಬಾನೆಟ್ ಎತ್ತಿ, ಕಿವಿ ಕೊಟ್ಟು ಕೇಳಿ, "ಮ್ಯಾನಿಫೋಲ್ಡ್ ಸೀಳಿದೆ ಮೇಡಂ" ಅಂದರು. ಇಂಜಿನ್ನಿನ ಬಿಸಿ ಹೊಗೆಯನ್ನೆಲ್ಲ ಒಂದುಕಡೆ ಸೇರಿಸಿ ಸೈಲೆನ್ಸರ್ ಪೈಪಿಗೆ ದಾಟಿಸೋ ಕಬ್ಬಿಣದ ತುಂಡು ಅದು. ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

"ವೆಲ್ಡಿಂಗ್ ಹೊಡೆಸಿದ್ರೆ?"

"ಎರಡು ಸಲ ಹೊಡೆಸಿದ್ದು ಮರೆತ್ರಾ? ಇದು ಬೀಡು ಕಬ್ಬಿಣ. ಒಂದು ಕಡೆ ಅಂಟಿಸಿದ್ರೆ ಪಕ್ಕದಲ್ಲಿ ಬಿಡುತ್ತೆ. ಬೇರೆದೇ ಹಾಕ್ಬೇಕು."

ಸೋಮವಾರ ಸತ್ಯವತಿಯವರು ಫೋನ್ ಮಾಡಿದರು. "ಖಾದರ್ ಅವ್ರೇ, ಹಳೇದು ಬಿಚ್ಚಿ ಬೇರೆದು ಹಾಕೋದು..."

"ಆಯ್ತು ಮೇಡಂ" ಅಂದರು ಆ ಕಡೆಯಿಂದ.

ಆಹಾ, ಎಷ್ಟು ಹಿತವಾಗಿ ಕೇಳಿಸಿತು ಅಂತೀರಿ! ಮಂಗಳವಾರ ಬೆಳಗ್ಗೆ ಒಂದು ಮೊಳ ಮಲ್ಲಿಗೆ ತಗೊಂಡು, ಡ್ಯಾಶ್‌ಬೋರ್ಡ್ ಮೇಲಿನ ಗಣೇಶನಿಗೆ ಹಾಕೋಣ ಅಂತ ಆಟೋದಲ್ಲಿ ಹೋದರು. ಹೋಗಿ ನೋಡಿದರೆ ಕಾರು ಬಿಟ್ಟ ಜಾಗದಲ್ಲೇ ಇದೆ, ಬಾನೆಟ್ ಮೇಲೆ ಧೂಳು ಹಾಗೇ ಇದೆ, ಒಳಗೆ ಹಳೇ ಮ್ಯಾನಿಫೋಲ್ಡು ಸೀಳು ಬಾಯಿ ಬಿಟ್ಟುಕೊಂಡು ಕೂತಿದೆ.

"ಆಯ್ತು ಅಂದ್ರಲ್ರೀ ನಿನ್ನೆ!"

"ಆಯ್ತು ಅಂದೆ ಮೇಡಂ. ಮಾಡ್ತೀನಿ, ಆಯ್ತು ಅಂತ."

"ಮಾಡ್ತೀನಿ ಅನ್ನೋಕೆ ಮಾಡ್ತೀನಿ ಅಂತಾರೆ ಖಾದರ್ ಅವ್ರೇ! ಆಯ್ತು ಅಂದ್ರೆ ಆಯ್ತು ಅಂತ!"

ಮಲ್ಲಿಗೆಯನ್ನ ಬ್ಯಾಗಿಗೆ ತುರುಕಿಕೊಂಡು ವಾಪಸು ಬಂದರು. ಮೈಯೆಲ್ಲ ಉರಿಯುತ್ತಿತ್ತು.

ಬುಧವಾರ ಇನ್ನೊಂದು ರಾಮಾಯಣ. ಶಿವಾಜಿನಗರದ ಗುಜರಿಯಿಂದ ಮ್ಯಾನಿಫೋಲ್ಡ್ ಬಂತು, ನೋಡಿದರೆ ಅದು ಆಮೇಲಿನ ಮಾಡೆಲ್ಲಿನದು. ಇಂಜಿನ್ನಿಗೆ ಹಿಡಿದರೆ ಒಂದು ತೂತು ಕೂತರೆ ಇನ್ನೊಂದು ಕೂರೊಲ್ಲ. ಸರಿಯಾದ್ದು ಸಿಗೋಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಹಳೇದನ್ನ ಬಿಚ್ಚೋಕೆ ಹೋದರೆ ಇಪ್ಪತ್ತೈದು ವರ್ಷದ ತುಕ್ಕು. ಡೀಸೆಲ್ ಹಾಕಿದರು, ಬೆಂಕಿ ಹಿಡಿದರು, ಮೆಲ್ಲಗೆ ತಟ್ಟಿದರು. ಐದು ನಟ್ಟು ಬಂದವು. ಆರನೆಯದು ತಿರುಗಿಸಿದಾಗ ಟಪ್ ಅಂತ ನಟ್ಟು ಕೂರೋ ಸ್ಟಡ್ಡೇ ಮುರಿದು, ಅರ್ಧ ಇಂಜಿನ್ನಿನೊಳಗೆ ಉಳಿದುಬಿಟ್ಟಿತು. ಖಾದರ್ ಬಾಷಾ ಸ್ಪ್ಯಾನರ್ ಕೆಳಗಿಟ್ಟು ಕೂತುಬಿಟ್ಟರು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಸತ್ಯವತಿಯವರು ಎದ್ದು ಬಂದರು.

"ನಾಳೆ ಹನ್ನೊಂದಕ್ಕೆ ಆರ್‌ಟಿಓ ಖಾದರ್ ಅವ್ರೇ. ಇಲ್ಲಾಂದ್ರೆ ಇದನ್ನ ಗುಜರಿಗೆ ಹಾಕ್ತಾರೆ. ಆಗುತ್ತಾ, ಆಗಲ್ವಾ? ಆಯ್ತು ಅಂತ ಮಾತ್ರ ಅನ್ಬೇಡಿ, ನಿಮ್ಮ ಕೈ ಮುಗೀತೀನಿ."

ಖಾದರ್ ಬಾಷಾ ಬಾಯಿ ತೆರೆದವರು ಮುಚ್ಚಿಕೊಂಡರು. ಮುರಿದ ಸ್ಟಡ್ಡನ್ನ ಇನ್ನೊಮ್ಮೆ ನೋಡಿ, "ಬೆಳಗ್ಗೆ ಏಳಕ್ಕೆ ಬನ್ನಿ" ಅಂದರು.

ಗುರುವಾರ ಏಳಕ್ಕೆ ಹೋದರೆ ಷಟರ್ ಆಗಲೇ ಎತ್ತಿತ್ತು. ಮುರಿದ ಸ್ಟಡ್ಡಿಗೆ ಡ್ರಿಲ್ ಹಿಡಿದು, ಎಳ್ಳು ಕಾಳಷ್ಟು ಎಳ್ಳು ಕಾಳಷ್ಟು ಕೊರೆಯುತ್ತಿದ್ದರು. ಒಂಚೂರು ಆಚೀಚೆಯಾದರೆ ಇಂಜಿನ್ನಿನೊಳಗಿನ ಥ್ರೆಡ್ಡಿಗೇ ಏಟು. ಎಂಟಾಯಿತು, ಎಂಟೂವರೆಯಾಯಿತು. ಸತ್ಯವತಿಯವರಿಗೆ ಟಾರ್ಚ್ ಹಿಡಿದು ಬಗ್ಗಿ ನಿಂತು ಸೊಂಟ ಹಿಡಿದುಹೋಗಿತ್ತು. ಅಷ್ಟರಲ್ಲಿ ಪ್ರದ್ಯುಮ್ನನ ಫೋನು. ಡ್ರಿಲ್ಲಿನ ಕಿರ್ರೋ ಸದ್ದಿನಲ್ಲಿ ಅವನು ಏನೇನೋ ಹೇಳಿದ, ಇವರ ಕಿವಿಗೆ ಬಿದ್ದಿದ್ದು ಕೊನೆಯ "...ಆಯ್ತಾ ಅಮ್ಮ?" ಮಾತ್ರ. ಕಾರು ಆಯ್ತಾ ಅಂತ ಕೇಳ್ತಿದ್ದಾನೆ, ಇನ್ನೂ ಇಲ್ಲ ಅಂದ್ರೆ ಶುರು ಮಾಡ್ತಾನೆ ಪುರಾಣ ಅಂದುಕೊಂಡು, "ಆಯ್ತು, ಆಯ್ತು" ಅಂತ ಕಿರುಚಿ ಫೋನ್ ಇಟ್ಟರು.

ಒಂಬತ್ತಕ್ಕೆ ಸ್ಟಡ್ಡಿನ ತುಂಡು ಈಚೆ ಬಂತು. ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್ಟು, ಮ್ಯಾನಿಫೋಲ್ಡು, ಸತ್ಯವತಿಯವರು ಕೈಗೆ ಕೊಟ್ಟ ಹಾಗೆ ಒಂದಾದ ಮೇಲೊಂದು ನಟ್ಟು. ಹತ್ತೂಕಾಲಿಗೆ ಖಾದರ್ ಬಾಷಾ ಕೈ ಒರೆಸಿಕೊಂಡು ಸ್ಟಾರ್ಟ್ ಮಾಡಿದರು. ಟಕಟಕ ಇಲ್ಲ! ಇಂಜಿನ್ನು ಸುಮ್ಮನೆ ಗುಂಯ್ ಅಂತಿತ್ತು, ಅಷ್ಟೇ. ಅವರು ಸತ್ಯವತಿಯವರ ಕಡೆ ನೋಡಿ, ಸ್ವಲ್ಪ ಹೆದರಿಕೊಂಡೇ, "ಈಗ ಹೇಳ್ಬಹುದಾ ಮೇಡಂ?" ಅಂದರು.

"ಹೇಳಿ ಮಾರಾಯ್ರೇ!"

"ಆಯ್ತು ಮೇಡಂ."

ಆರ್‌ಟಿಓದಲ್ಲಿ ಇನ್ಸ್‌ಪೆಕ್ಟರು ಲೈಟು, ಬ್ರೇಕು, ಹಾರ್ನು ಎಲ್ಲ ನೋಡಿ, ಬಾನೆಟ್ಟಿಗೆ ಕಿವಿ ಕೊಟ್ಟು, "ಚೆನ್ನಾಗಿ ಇಟ್ಕೊಂಡಿದ್ದೀರಮ್ಮಾ" ಅಂತ ಪಾಸ್ ಮಾಡಿದರು. ಬಾಡಿದ ಮಲ್ಲಿಗೆ ಇನ್ನೂ ಬ್ಯಾಗಿನಲ್ಲೇ ಇತ್ತು. ಇರಲಿ ಅಂತ ಅದನ್ನೇ ಗಣೇಶನಿಗೆ ಹಾಕಿ, ಗಾಜು ಇಳಿಸಿಕೊಂಡು ಮನೆ ಕಡೆ ತಿರುಗಿದರು. ಎಷ್ಟೋ ವರ್ಷದ ಮೇಲೆ ಅವರು ಗುನುಗುತ್ತಾ ಗಾಡಿ ಓಡಿಸಿದ್ದು ಅವತ್ತೇ.

ಮನೆ ಬೀದಿಗೆ ಬಂದರೆ ಗೇಟಿಗೆ ಅಡ್ಡವಾಗಿ, ಕಾರು ಎಳೆದೊಯ್ಯೋ ಕೊಂಡಿಯ ಟೋಯಿಂಗ್ ಗಾಡಿ. ಪಕ್ಕದಲ್ಲಿ ಇಬ್ಬರು ಗಂಡಸರು, ಜೊತೆಗೆ ಪ್ರದ್ಯುಮ್ನ. ಆಫೀಸಿಗೆ ಅರ್ಧ ದಿನ ರಜ ಹಾಕಿ ಬಂದಿದ್ದ.

"ಎಲ್ಲಿ ಹೋಗಿದ್ದೆ ಅಮ್ಮ? ಗುಜರಿಯವರು ಗ್ಯಾರೇಜಿಗೆ ಹೋಗಿ, ಕಾರಿಲ್ಲ ಅಂತ ಇಲ್ಲಿಗೆ ಬಂದಿದ್ದಾರೆ."

"ಗುಜರಿಯವರಾ? ಯಾರೋ ಕರೆದಿದ್ದು?"

"ಬೆಳಗ್ಗೆ ಕೇಳಿದ್ನಲ್ಲ! ಎಷ್ಟು ಅಂತ ಅಲೀತೀಯ, ಸಾಕು, ಗುಜರಿಯವರನ್ನ ಕಳಿಸ್ತೀನಿ, ಆಯ್ತಾ ಅಮ್ಮ ಅಂದೆ. ಆಯ್ತು ಆಯ್ತು ಅಂದ್ಯಲ್ಲ!"

ಸತ್ಯವತಿಯವರಿಗೆ ಡ್ರಿಲ್ಲಿನ ಸದ್ದಿನ ನಡುವಿನ ಆ ಫೋನು ನೆನಪಾಯಿತು. ವಾರವೆಲ್ಲ ಪಾಪದ ಖಾದರ್ ಬಾಷಾ ಮೇಲೆ ಎಗರಾಡಿದ್ದು ಯಾವ ಮಾತಿಗೋ, ಅದೇ ಮಾತನ್ನ ತಾವೇ ಆಡಿ ಕಾರನ್ನ ಕೊಟ್ಟುಬಿಟ್ಟಿದ್ದರು. ಆರ್‌ಟಿಓ ಕಾಗದವನ್ನ ಕಿಟಕಿಯಿಂದ ಚಾಚಿದರು.

ಪ್ರದ್ಯುಮ್ನ ಓದಿದ. ಒಂದು ಕ್ಷಣ ಮುಖ ಪೆಚ್ಚಾಯಿತು. ಆಮೇಲೆ ಕಿಟಕಿಗೆ ಬಗ್ಗಿ, ಮಗುವಿಗೆ ಹೇಳುವಂತೆ ದನಿ ತಗ್ಗಿಸಿದ. "ಪಾಸಾಗಿದೆ, ಸರಿ. ಆದ್ರೆ ಮುಂದಿನ ತಿಂಗಳು ಇನ್ನೇನೋ ಒಡೆಯುತ್ತೆ. ಇವರಿಗೆ ಮಾತು ಬೇರೆ ಕೊಟ್ಟಾಗಿದೆ. ನನ್ನ ಗಾಡಿನೂ ಬಿಸಿಲಲ್ಲಿ ಹಾಳಾಗ್ತಿದೆ. ಕೊಟ್ಬಿಡೋಣ, ಆಯ್ತಾ ಅಮ್ಮ?"

ಅಪ್ಪ ಕೇಳುತ್ತಿದ್ದುದೂ ಹೀಗೇ, ಯಜಮಾನರು ಕೇಳುತ್ತಿದ್ದುದೂ ಹೀಗೇ, ಇಷ್ಟೇ ಮೆತ್ತಗೆ. ಸತ್ಯವತಿಯವರ ಬಾಯಿ ರೂಢಿಯಂತೆ ತಾನೇ ತೆರೆಯಿತು. "ಆ..." ಅನ್ನುವಷ್ಟು ಬಂದೂಬಿಟ್ಟಿತು. ಸ್ಟೀರಿಂಗ್ ಹಿಡಿದಿದ್ದ ಕೈಯಲ್ಲಿ, ಉಗುರಿನ ಸಂದಿಯಲ್ಲಿ, ಬೆಳಗಿನ ಗ್ರೀಸು ಇನ್ನೂ ಕಪ್ಪಗಿತ್ತು.

"ಆಗಲ್ಲ" ಅಂದರು.

ಪ್ರದ್ಯುಮ್ನನಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದು ನಂಬಿಕೆಯಾಗಲಿಲ್ಲವೋ. "ಏನಂದೆ?"

"ಆಗಲ್ಲ ಕಣೋ" ಅಂದು ಸತ್ಯವತಿಯವರು ಗೇರ್ ಹಾಕಿದರು. "ಆ ಗಾಡಿ ತೆಗೆಯೋಕೆ ಹೇಳು. ಗೇಟ್ ತೆಗಿ."