ಹೊಕ್ಕುಳ ಬಟ್ಟೆ ಓದುವ ಬಖ್ತಾವರ್

ಬೆಳಗಿನ ಐದೂವರೆ. ತಫ್ತಾನ್ ಜ್ವಾಲಾಮುಖಿ ಬೆಟ್ಟದ ನೆತ್ತಿಯ ಹೊಗೆ ಇನ್ನೂ ಸರಿಯಾಗಿ ಕಾಣುತ್ತಿಲ್ಲ. ಊರ ಕಾಲುವೆಯ ಬಳಿ ಶಾರ್‌ಖಾತೂನ್ ಅಜ್ಜಿ ಒಂಟಿಯಾಗಿ ಕೂತು ಅಂಗೈಯಗಲದ ಬಟ್ಟೆಯನ್ನು ಉಜ್ಜುತ್ತಿದ್ದಾರೆ. ಬಖ್ತಾವರ್ ನನ್ನ ತೋಳು ಹಿಡಿದು ನಿಲ್ಲಿಸುತ್ತಾರೆ. "ನೋಡಿದ್ರಾ? ಬೇರೆ ಬಟ್ಟೆ ಇಲ್ಲ, ಅದೊಂದೇ. ಅದೂ ಯಾರೂ ಏಳೋಕ್ ಮುಂಚೆ, ತಣ್ಣೀರಲ್ಲಿ. ಅದು ರಕ್ತಾನೇ."

ಹತ್ತಿರ ಹೋಗಿ ಏನೂ ಅರಿಯದವರಂತೆ ಕೇಳುತ್ತಾರೆ: "ಏನ್ ದೊಡ್ಡಮ್ಮ, ಇಷ್ಟು ಬೇಗ?"

"ಈರುಳ್ಳಿ ಹೆಚ್ತಾ ಕೈ ಕೊಯ್ಕೊಂಡೆ ಕಣೇ."

"ಎಲ್ಲಿ, ಕೈ ತೋರ್ಸಿ."

ಶಾರ್‌ಖಾತೂನ್ ಎರಡೂ ಕೈಗಳನ್ನು ನೀರಿನೊಳಗೆ ಇಳಿಸುತ್ತಾರೆ. "ನೀನೇನು ಪೊಲೀಸಾ? ಹೋಗೇ, ನಿನ್ ಚಹಾ ಆರೋಗುತ್ತೆ."

ಅವರ ಮನೆಯಲ್ಲಿ ಒಂಬತ್ತು ದಿನದ ಹೆಣ್ಣು ಕೂಸಿದೆ. ಅದರ ಹೊಕ್ಕುಳಬಳ್ಳಿ ನಿನ್ನೆ ಉದುರಿದೆ ಎಂಬುದು ಬಖ್ತಾವರ್‌ಗೆ ಗೊತ್ತು. ಗೊತ್ತಿರಲೇಬೇಕು. ಖಾಶ್ ಸೀಮೆಯ ನಾಲ್ಕು ಹಳ್ಳಿಗಳಿಗೆ ಇರುವುದು ಒಂದು ಆರೋಗ್ಯ ಮನೆ, ಅದಕ್ಕೆ ಇರುವ ಆರೋಗ್ಯ ಕಾರ್ಯಕರ್ತೆ ಇವರೊಬ್ಬರು. ಇನ್ನೂರ ಹನ್ನೆರಡು ಮನೆ, ಇಪ್ಪತ್ತಮೂರು ವರ್ಷ, ಸವೆದ ಚಪ್ಪಲಿಗೆ ಲೆಕ್ಕವಿಲ್ಲ. ಹೊಸ ಕೂಸು ಬಂದ ಮನೆಯ ಬಟ್ಟೆಯ ಮೇಲೆ ಹದಿನೈದು ದಿನ ಕಣ್ಣಿಡುವುದು ಇವರೇ ಕಂಡುಕೊಂಡ ದಾರಿ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿಲ್ಲ.

ರಕ್ತವನ್ನು ಕಟ್ಟಿ ನಿಲ್ಲಿಸುವ ಅಂಶಗಳಲ್ಲಿ ಹದಿಮೂರನೆಯದು ಹುಟ್ಟಿನಿಂದಲೇ ಇಲ್ಲದಿರುವ ಕಾಯಿಲೆಯೊಂದನ್ನು ಅವರು ಆ ಬಟ್ಟೆಯಲ್ಲಿ ಹುಡುಕುತ್ತಾರೆ. ಜಗತ್ತಿನಲ್ಲಿ ಇಪ್ಪತ್ತು ಲಕ್ಷಕ್ಕೊಬ್ಬರಿಗೆ ಬಂದರೆ ಹೆಚ್ಚು. ನಮ್ಮ ಸೀಮೆಯಲ್ಲಿ ಮಾತ್ರ ಬಖ್ತಾವರ್ ಒಬ್ಬರ ಪಟ್ಟಿಯಲ್ಲೇ ಹನ್ನೊಂದು ಮಕ್ಕಳು. "ರಕ್ತ ಕಟ್ಟುತ್ತೆ, ಕಟ್ಟಿದ್ದು ನಿಲ್ಲಲ್ಲ. ಹಸಿ ಮಣ್ಣಿನ ಗೋಡೆ ಥರ, ಸ್ವಲ್ಪ ಹೊತ್ತಿಗೆ ಕುಸಿಯುತ್ತೆ. ಅದಕ್ಕೇ ಮಾಮೂಲಿ ಪರೀಕ್ಷೇಲಿ ಎಲ್ಲ ಸರಿ ಅಂತ್ಲೇ ಬರೋದು. ಮೊದ್ಲು ಹೊಕ್ಕುಳು ಒಸರುತ್ತೆ. ಆಗ ಬಿಟ್ರೆ, ಮುಂದೆ ತಲೆಯೊಳಗೂ ಆಗ್ಬೋದು."

ಆ ಒಸರನ್ನೇ ನಮ್ಮವರು ಮುಚ್ಚಿಡುತ್ತಾರೆ. ಕಲೆಯಾದ ಬಟ್ಟೆಯನ್ನು ಕದ್ದು ಒಗೆಯುತ್ತಾರೆ, ಇಲ್ಲವೇ ಅಂಗಳದಾಚೆ ಹೂಳುತ್ತಾರೆ. ದೃಷ್ಟಿಯ ಭಯ ಒಂದು ಕಡೆ, ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂಬ ಭಯ ಇನ್ನೊಂದು ಕಡೆ. ಹೊಕ್ಕುಳಲ್ಲಿ ರಕ್ತ ಬಂದಿತ್ತೇ ಎಂದು ಡಾಕ್ಟರು ಕೇಳಿದರೆ ಮನೆಮಂದಿಯೆಲ್ಲ ಒಂದೇ ಸಮ ತಲೆಯಾಡಿಸಿ ಇಲ್ಲ ಎನ್ನುತ್ತಾರೆ. ನನಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ಬಖ್ತಾವರ್‌ಗೆ ಸಿಟ್ಟೇ ಬರುವುದಿಲ್ಲ, ಯಾಕೆಂದು ಆಮೇಲೆ ತಿಳಿಯಿತು.

ಚಹಾದ ನೆಪದಲ್ಲಿ ನಾವು ಶಾರ್‌ಖಾತೂನ್ ಮನೆಯೊಳಗೆ ಕೂತಿದ್ದೇವೆ. ಸೊಸೆ ಸಾಜೀನ್ ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅವಳ ಮೊದಲ ಗಂಡುಮಗು ರಕ್ತ ನಿಲ್ಲದೆ ತೀರಿಕೊಂಡಿತು. ಅಂದಿನಿಂದ ಅತ್ತೆಯ ಬಾಯಲ್ಲಿ ಅವಳು "ಕೆಟ್ಟ ರಕ್ತ ತಂದೋಳು".

ಅಜ್ಜಿ ಒಂದು ಕಾಗದ ತಂದು ಬೀಸುತ್ತಾರೆ. "ಮೊನ್ನೆ ತಾನೇ ಪರೀಕ್ಷೆ ಮಾಡ್ಸಿದೀವಿ. ರಕ್ತ ಚೆನ್ನಾಗಿದೆ ಅಂತ ಬರ್ದಿದಾರೆ, ಓದ್ಕೋ!"

"ಕಾಗ್ದ ಸುಳ್ಳಲ್ಲ ದೊಡ್ಡಮ್ಮ. ಅವ್ರು ನೋಡಿದ್ದೇ ಬೇರೆ. ಕಟ್ಟಿದ ರಕ್ತಾನ ಔಷಧಿ ನೀರಲ್ಲಿಟ್ಟು, ಕರಗುತ್ತಾ ಅಂತ ನೋಡ್ಬೇಕು. ಅದಕ್ಕೆ ದೊಡ್ಡಾಸ್ಪತ್ರೆಗೇ ಹೋಗ್ಬೇಕು. ಇವತ್ತೇ."

"ಈ ವಾರ ಹಿರೀ ಮಗನ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರೆ. ಅದೊಂದು ಮುಗೀಲಿ."

ಬಖ್ತಾವರ್ ಲೋಟ ಕೆಳಗಿಡುತ್ತಾರೆ. "ನನ್ ಮೊದಲ್ನೇ ಮಗೂಗೂ ಹಿಂಗೇ ಒಸರ್ತಿತ್ತು. ಡಾಕ್ಟ್ರು ಕೇಳಿದ್ರು. ಈ ಕೆಲ್ಸಕ್ಕೇ ಓದಿದೋಳು ನಾನು, ನಮ್ಮತ್ತೆ ಮುಖ ನೋಡಿ 'ಇಲ್ಲ' ಅಂದ್ಬಿಟ್ಟೆ. ನಲವತ್ತನೇ ದಿನ ಹೋಯ್ತು. ಬಟ್ಟೆ ಹೂತ ಹಿತ್ತಲು ಇದೆಯಲ್ಲ, ಅದನ್ನ ದಾಟ್ಕೊಂಡೇ ಮಗೂನ ಹೂಳೋಕೆ ಹೋದ್ವಿ."

ಇಷ್ಟು ವರ್ಷದ ಪರಿಚಯದಲ್ಲಿ ನನಗೂ ಅವರು ಇದನ್ನು ಹೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬರುತ್ತದೆ. ಶಾರ್‌ಖಾತೂನ್ ಕೂಸನ್ನೊಮ್ಮೆ ನೋಡಿ, ಅಂಗಳದಲ್ಲಿದ್ದ ಮಗನಿಗೆ ಕೂಗುತ್ತಾರೆ: "ಗಾಡಿ ತೆಗ್ಯೋ! ಏನ್ ನೋಡ್ತಾ ನಿಂತಿದೀಯ?"

ಆಸ್ಪತ್ರೆಯಲ್ಲಿ ಆ ಕೂಸಿನ ರಕ್ತದ ಹೆಪ್ಪು ಔಷಧಿ ನೀರಿನಲ್ಲಿ ಕರಗಿಯೇ ಹೋಯಿತಂತೆ. ಇಂಜೆಕ್ಷನ್ ಬಿತ್ತು, ಹೊಕ್ಕುಳು ಒಣಗಿತು. ಬಖ್ತಾವರ್ ಪಟ್ಟಿಯಲ್ಲಿ ಆ ಕೂಸು ಜರೀನ ಹನ್ನೆರಡನೆಯವಳು. ಇನ್ನು ನಾಲ್ಕು ವಾರಕ್ಕೊಂದು ಇಂಜೆಕ್ಷನ್ ತಪ್ಪದಿದ್ದರೆ ಸಾಕು. ಬಖ್ತಾವರ್ ಅವರ ಎರಡನೆಯ ಮಗಳು ಮಾಹ್ರು ಅದೇ ಕಾಯಿಲೆಯಿದ್ದೂ ಹಾಗೆಯೇ ಬೆಳೆದವಳು. ಹತ್ತೊಂಬತ್ತಾಗಿದೆ, ಅಪ್ಪನ ಬೈಕು ಓಡಿಸಿ ಮೊಣಕಾಲು ತರಚಿಕೊಂಡು ಬಂದು ಅಮ್ಮನಿಂದ ಚೆನ್ನಾಗಿ ಬೈಸಿಕೊಳ್ಳುತ್ತಾಳೆ.

ಮೊದಲ ಇಂಜೆಕ್ಷನ್ ಆದ ಇಪ್ಪತ್ತೆಂಟನೆಯ ದಿನ ನಾನು ಆರೋಗ್ಯ ಮನೆಗೆ ಹೋದಾಗ ಜರೀನಳ ಎರಡನೆಯ ಇಂಜೆಕ್ಷನ್ ಆಗಷ್ಟೇ ಮುಗಿದಿದೆ. ನಿಮ್ಮ ಆಸೆಯೇನು ಎಂದು ಬಖ್ತಾವರ್ ಅವರನ್ನು ಕೇಳುತ್ತೇನೆ. "ದೊಡ್ಡ ಆಸೆ ಏನಿಲ್ಲ ಬಿಡಿ. ಡಾಕ್ಟ್ರು ಕೇಳಿದಾಗ ಒಬ್ರು ಅತ್ತೆಯಾದ್ರೂ 'ಹೌದು' ಅನ್ಲಿ."

ಬೆಂಚಿನ ಮೇಲೆ ಕೂತು ಮೊಮ್ಮಗಳನ್ನು ಮಡಿಲಲ್ಲಿ ತೂಗುತ್ತಿದ್ದ ಶಾರ್‌ಖಾತೂನ್ ನಡುವೆ ಬಾಯಿ ಹಾಕುತ್ತಾರೆ. "ಅದಿರ್ಲಿ, ಈ ರಕ್ತ ಯಾವ ಕಡೇದು? ಅದನ್ನ ಹೇಳು."

"ಎರಡೂ ಕಡೇದು ದೊಡ್ಡಮ್ಮ. ಅರ್ಧ ಅಮ್ಮಂದು, ಅರ್ಧ ಅಪ್ಪಂದು. ಬರೀ ಅರ್ಧ ಇದ್ದೋರಿಗೆ ಏನೂ ಗೊತ್ತಾಗಲ್ಲ, ಎರಡು ಅರ್ಧ ಸೇರಿದ್ರೇನೇ ಕಾಯಿಲೆ."

"ನನ್ ಮಗನಿಗೆ ಎಲ್ಲಿಂದ ಬಂತು?"

"ನಿಮ್ಮಿಂದಾನೋ, ದೊಡ್ಡಪ್ಪನಿಂದಾನೋ."

"ಸತ್ತೋರ ಮೇಲೆ ಯಾಕೆ ಹಾಕ್ಲಿ?" ಎಂದು ಶಾರ್‌ಖಾತೂನ್ ಕೂಸಿನ ಹೊದಿಕೆ ಸರಿಮಾಡುತ್ತಾರೆ. ಆಮೇಲೆ ಬಾಗಿಲ ಬಳಿ ನಿಂತೇ ಇದ್ದ ಸೊಸೆಗೆ ಪಕ್ಕದಲ್ಲಿ ಜಾಗ ಬಿಡುತ್ತಾರೆ. "ಬಾರೇ, ಕೂತ್ಕೋ. ಅರ್ಧ ನಂದಂತೆ."