ನನಗೆ ತಮ್ಮನೇ ಇಲ್ಲ ಎಂದ ದಿನ

ನನ್ನ ತಮ್ಮನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಹಾಗಾಗಿ ಅವನಿಗೆ ಬರಬೇಕಾದ ಫೋನುಗಳೆಲ್ಲ ನನಗೆ ಬರುತ್ತಿದ್ದವು. ಗ್ಯಾಸಿನವರು, ಬ್ಯಾಂಕಿನವರು, ಪಾಂಡವಪುರದಲ್ಲಿ ಅವನು ಟೈಪ್ ಮಾಡುವ ಜೆರಾಕ್ಸ್ ಅಂಗಡಿಯವರು, ಯಾರು ಕೇಳಿದರೂ ಅವನು ಬರೆದುಕೊಡುತ್ತಿದ್ದದ್ದು ನನ್ನ ನಂಬರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಆಲೆಮನೆ ಸೇರಿದವನು, ಬೆಲ್ಲ ಕಾಯಿಸುವ ಒಲೆಗೆ ಉರಿ ಹಾಕುವವನು. ಅವನು ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಆಮೇಲೆ ಕಂಪ್ಯೂಟರ್ ಕಲಿತವನು. ಓದಿನಲ್ಲಿ ಅವನೇ ನನಗೆ ಅಣ್ಣ. ಮಾತಿಗೆ ಮಾತ್ರ ನಾನು ಬೇಕಾಗಿತ್ತು.

ನಮ್ಮಿಬ್ಬರ ನಡುವೆ ಮನೆಯಲ್ಲೇ ಬೆಳೆದ ಕೈಮಾತು ಇದೆ. ಎದೆ ಮುಟ್ಟಿಕೊಂಡು ಅಂಗೈಯನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ 'ನನ್ನ ತಮ್ಮ' ಎಂದರ್ಥ. ಆ ಸನ್ನೆ ಹುಟ್ಟಿದಾಗ ಅವನು ಅಷ್ಟೇ ಎತ್ತರ ಇದ್ದ. ಈಗ ನನಗಿಂತ ನಾಲ್ಕು ಬೆರಳು ಎತ್ತರ ಇದ್ದಾನೆ, ಸನ್ನೆ ಮಾತ್ರ ಬೆಳೆಯಲಿಲ್ಲ. ಎರಡೂ ಅಂಗೈ ಒರೆಸಿ ಬರಿದಾಗಿ ತೋರಿಸಿದರೆ 'ಇಲ್ಲ'.

ಒಂದು ಸಲ ಅವನು ಕೆ.ಆರ್. ಪೇಟೆಯಲ್ಲಿ ನಾಗಮಂಗಲದ ಬೋರ್ಡು ನೋಡಿ ಬಸ್ಸು ಹತ್ತಿದ್ದ. ಹೊರಡುವ ಹೊತ್ತಿಗೆ ಕಂಡಕ್ಟರು, ಈ ಬಸ್ಸು ನಾಗಮಂಗಲಕ್ಕೆ ಹೋಗಲ್ಲ, ಕಿಕ್ಕೇರಿ ಕಡೆ ಹೋಗುತ್ತೆ ಎಂದು ಕೂಗಿದನಂತೆ. ನಾಗಮಂಗಲದವರೆಲ್ಲ ಇಳಿದು ಹೋದರು. ಇವನು ಕಿಟಕಿ ಪಕ್ಕ ಆರಾಮಾಗಿ ಕುಳಿತಿದ್ದ. ಬಸ್ಸು ಕಿಕ್ಕೇರಿ ದಾರಿ ಹಿಡಿದ ಮೇಲೆ ಟಿಕೆಟ್ ಕೇಳಲು ಬಂದ ಕಂಡಕ್ಟರು ಕೈ ಬೀಸಿ ರೇಗಿದ. ಏನು ಅಂದ ಎಂದು ಇವನಿಗೆ ತಿಳಿಯಲಿಲ್ಲ. ಇವನು ಎಲ್ಲಿಗೆ ಹೊರಟವನೆಂದು ಗೊತ್ತಿಲ್ಲದೆ ಪಕ್ಕದಲ್ಲಿ ಕುಳಿತಿದ್ದ ನಮ್ಮೂರಿನವರೊಬ್ಬರು ಆಮೇಲೆ ನನಗೆ ಹೇಳಿದರು:

"'ಅಷ್ಟೊತ್ತಿಂದ ಬಾಯಿ ಬಡ್ಕತಾ ಇವ್ನಿ, ಕಿವುಡನೇನ್ಲಾ ನೀನು?' ಅಂದ ಕಣಪ್ಪ. ನಾನು, 'ಊಂ ಸ್ವಾಮಿ, ಕಿವುಡನೇಯ' ಅಂದೆ. ಪಾಪ, ಆ ಕಂಡಕ್ಟ್ರು ಮಖ ನೋಡ್ಬೇಕಿತ್ತು."

ಎಲ್ಲರೂ ನಕ್ಕೆವು. ತಮ್ಮನಿಗೂ ಸನ್ನೆ ಮಾಡಿ ಹೇಳಿದೆ, ಅವನೂ ನಕ್ಕ. ಆದರೆ ಮಾರನೆಯ ದಿನದಿಂದ ಅಂಗಡಿಯ ಕಂಪ್ಯೂಟರಿನಲ್ಲಿ ಫೋನಿಗೆ ಹಾಕಿಕೊಳ್ಳುವ ಒಂದು ಆಪ್ ಮಾಡಲು ಕುಳಿತ. ಹತ್ತಿರ ಹತ್ತಿರ ಒಂದು ವರ್ಷ ಅದರಲ್ಲೇ ಮುಳುಗಿದ್ದ. ತೆರೆದರೆ ದೊಡ್ಡ ದೊಡ್ಡ ಕನ್ನಡ ಅಕ್ಷರದ ಕಾರ್ಡುಗಳು ಬರುತ್ತವೆ. 'ನನಗೆ ಕಿವಿ ಕೇಳಿಸುವುದಿಲ್ಲ. ಈ ಬಸ್ಸು ಎಲ್ಲಿಗೆ ಹೋಗುತ್ತದೆ, ಬರೆದು ತೋರಿಸಿ.' 'ನನಗೆ ಹೊಟ್ಟೆ ನೋಯುತ್ತಿದೆ.' ಕೊನೆಯ ಕಾರ್ಡು ಕೆಂಪು ಬಣ್ಣದ್ದು: 'ನನ್ನ ಪರವಾಗಿ ಈ ನಂಬರಿಗೆ ಫೋನ್ ಮಾಡಿ.' ಅದರ ಕೆಳಗೆ ಅವರವರು ತಮಗೆ ಬೇಕಾದವರ ನಂಬರು ತುಂಬಿಕೊಳ್ಳಬೇಕು. ತಮ್ಮ ನನ್ನದನ್ನು ತುಂಬಿದ್ದ. ತುಂಬುವಾಗ ನನ್ನನ್ನು ಕರೆದು ತೋರಿಸಿದ್ದ.

ಆಪ್ ಮಾಡಿದರೆ ಸಾಲದು, ಎಲ್ಲರ ಫೋನಿಗೂ ಸಿಗಬೇಕಾದರೆ ಹೊರದೇಶದ ಒಂದು ಕಂಪನಿಗೆ ದುಡ್ಡು ಕಟ್ಟಿ ಸದಸ್ಯನಾಗಬೇಕು ಎಂದು ಅವನು ಹೇಳಿದಾಗಲೇ ನನಗೆ ಭಯ ಹತ್ತಿತು. ಆಧಾರ್ ಕಾರ್ಡಿನ ಫೋಟೋ ಕಳಿಸಿದ. ಕಿಟಕಿ ಬೆಳಕಿಗೆ ನಿಂತು ಮುಖದ ಫೋಟೋ ತೆಗೆದು ಕಳಿಸಿದ. ತನಗೆ ಕಿವಿ ಕೇಳಿಸುವುದಿಲ್ಲ, ಅಣ್ಣನನ್ನು ಕೇಳಿ ಖಚಿತಪಡಿಸಿಕೊಳ್ಳಿ ಎಂದು ಬರೆದು ನನ್ನ ನಂಬರು ಕೊಟ್ಟ. ಯಾರೆಂದು ಕಾಣದವರಿಗೆ ಇಷ್ಟೆಲ್ಲ ಯಾಕೆ ಕೊಡಬೇಕು ಎಂದು ನಾನು ಕೈಯಾಡಿಸಿದರೆ ಅವನು ನಕ್ಕು ನನ್ನ ಬೆನ್ನು ತಟ್ಟಿದ. ಕೊನೆಗೆ ನನ್ನ ಮುಂದೆ ಕುಳಿತು ನಿಧಾನವಾಗಿ ಸನ್ನೆ ಮಾಡಿದ: ಅವರು ಫೋನ್ ಮಾಡುತ್ತಾರೆ, ನನ್ನ ಹೆಸರು ಹೇಳುತ್ತಾರೆ, ನೀನು ಹೂಂ ಅನ್ನು. ಅಷ್ಟೇ ಕೆಲಸ.

ಇದನ್ನು ಬರೆಯುವಾಗ ನನಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಿರುವುದು ಇಲ್ಲೇ. ಅವನು ಹೇಳಿದ್ದ.

ಆ ನಡುವೆ ನಮ್ಮ ಆಲೆಮನೆ ಯಜಮಾನರಿಗೆ ಒಂದು ಫೋನ್ ಬಂದಿತ್ತು. ನಿಮ್ಮ ಮಗ ಸ್ಟೇಷನ್ನಿನಲ್ಲಿದ್ದಾನೆ, ಬಿಡಿಸಬೇಕಾದರೆ ಈಗಲೇ ದುಡ್ಡು ಹಾಕಿ ಎಂದು ಹೆದರಿಸಿ ಹಾಕಿಸಿಕೊಂಡಿದ್ದರು. ಮಗ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದ. ಅಲ್ಲಿಂದಾಚೆಗೆ ಆಲೆಮನೆಯಲ್ಲಿ ಅದೇ ಮಾತು. ಯಾರ ಫೋನ್ ಹೊಡೆದುಕೊಂಡರೂ ಎಲ್ಲರೂ ತಿರುಗಿ ನೋಡುವರು.

ಒಂದು ಮಧ್ಯಾಹ್ನ ಪಾಕ ಹದಕ್ಕೆ ಬರುತ್ತಿತ್ತು. ಆ ಹೊತ್ತಿಗೆ ಉರಿ ಹಾಕುವವನು ಒಲೆ ಬಾಯಿ ಬಿಟ್ಟು ಏಳುವಂತಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಕೈತುಂಬ ಕಬ್ಬಿನ ಸಿಪ್ಪೆ ಇದ್ದುದರಿಂದ ಸ್ಪೀಕರ್ ಹಾಕಿ ಪಕ್ಕದ ಕಲ್ಲಿನ ಮೇಲಿಟ್ಟೆ. ಒಬ್ಬ ಹೆಣ್ಣುಮಗಳು, ನಮ್ಮ ಕಡೆಯದಲ್ಲದ ಕನ್ನಡದಲ್ಲಿ, ನನ್ನ ತಮ್ಮನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಹೇಳಿದಳು.

"ಇವರು ನಿಮಗೆ ಏನಾಗಬೇಕು ಸರ್?"

ಕೊಪ್ಪರಿಗೆಯ ಮುಂದೆ ಪಾಕ ನೋಡುತ್ತಿದ್ದವನು ಅಲ್ಲಿಂದಲೇ ಕೂಗಿದ: "ಬಂತು ನೋಡ್ಲಾ! ಯಜಮಾನ್ರಿಗೂ ಇಂಗೇ ಶುರು ಮಾಡಿದ್ದು. ಮೊದ್ಲು ಹೆಸ್ರು, ಆಮ್ಯಾಕೆ ಸ್ಟೇಷನ್ನು."

ಅಚ್ಚು ತೊಳೆಯುತ್ತಿದ್ದವನು ಎದ್ದೇ ಬಂದ. "ತಮ್ಮ ಅಂದ್ಯೋ ಕೆಟ್ಟೆ ಕಣ್ಲಾ. ಯಾರೂ ಇಲ್ಲ ಅಂದ್ಬುಡು."

"ಸರ್, ಕೇಳಿಸ್ತಾ ಇದೆಯಾ? ಇವರು ನಿಮ್ಮ ತಮ್ಮನಾ?"

ಅವನು ಮಾಡಿ ತೋರಿಸಿದ್ದ ಸನ್ನೆ ನನಗೆ ನೆನಪಾಯಿತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಆದರೆ ಒಲೆಯ ಕಾವು ಮುಖಕ್ಕೆ, ಇಬ್ಬರ ಕಣ್ಣು ನನ್ನ ಮೇಲೆ. ಹೂಂ ಅಂದ ಮೇಲೆ ಆ ಕಡೆಯಿಂದ ಪೊಲೀಸ್ ಜೀಪಿನ ಸದ್ದು ಬಂದರೆ? ತಮ್ಮ ಕಳಿಸಿದ ಆಧಾರ್ ಹಿಡಿದುಕೊಂಡು ಯಾರಾದರೂ ಮನೆಗೇ ಬಂದರೆ? ಇವರೆಲ್ಲ ಸೇರಿ, ನೀನೂ ಯಜಮಾನರ ಥರ ಪೆದ್ದ ಎಂದು ವರ್ಷವಿಡೀ ಆಡಿಕೊಂಡರೆ?

"ನಂಗೆ ತಮ್ಮನೇ ಇಲ್ಲ," ಎಂದೆ.

"ಇಲ್ವಾ ಸರ್? ಈ ನಂಬರ್ ಅವರೇ ಕೊಟ್ಟಿರೋದು."

"ಇಲ್ಲ ಅಂದ್ನಲ್ಲಮ್ಮ. ಆ ಹೆಸ್ರಿನೋರು ಯಾರೂ ಗೊತ್ತಿಲ್ಲ ನಂಗೆ."

"ಸರಿ ಸರ್. ಧನ್ಯವಾದ," ಎಂದು ಅವಳು ಫೋನ್ ಇಟ್ಟಳು.

"ಭೇಷ್ ಕಣ್ಲಾ!" ಎಂದು ಅಚ್ಚಿನವನು ನನ್ನ ಭುಜಕ್ಕೆ ಹೊಡೆದ. "ಯಜಮಾನ್ರು ನಿನ್ನತ್ರ ಟೂಷನ್ ತಕಬೇಕು."

ಅವರು ನಗುತ್ತಿದ್ದಾಗ ನಾನು ಅವಳ ಮಾತನ್ನೇ ಮತ್ತೆ ನೆನೆದೆ. ಅವಳು ದುಡ್ಡು ಕೇಳಲಿಲ್ಲ, ಬ್ಯಾಂಕಿನ ನಂಬರು ಕೇಳಲಿಲ್ಲ, ಹೆದರಿಸಲಿಲ್ಲ. ಮೋಸ ಮಾಡುವವರು ಧನ್ಯವಾದ ಹೇಳಿ ಫೋನ್ ಇಡುವುದಿಲ್ಲ. ಬೆಲ್ಲ ಅಚ್ಚಿಗೆ ಹೊಯ್ದಾದ ಮೇಲೆ ಗಾಣದ ಹಿಂದೆ ಹೋಗಿ ಆ ನಂಬರಿಗೆ ತಿರುಗಿ ಫೋನ್ ಮಾಡಿದೆ. ಒಂದು ಸಲ ರಿಂಗ್ ಆಗುತ್ತಲೇ ಕತ್ತರಿಸಿದೆ. ಏನೆಂದು ಹೇಳಲಿ? ಆಗ ಇಲ್ಲದಿದ್ದ ತಮ್ಮ ಈಗ ಹುಟ್ಟಿದ ಎನ್ನಲೇ?

ಸಂಜೆ ತಮ್ಮ ಹುಬ್ಬೇರಿಸಿ ಕಿವಿಯ ಬಳಿ ಕೈ ಹಿಡಿದು ಕೇಳಿದ: ಫೋನ್? ನಾನು ಅಂಗೈ ಒರೆಸಿ ತೋರಿಸಿದೆ: ಇಲ್ಲ. ಎಂಟು ಹತ್ತು ದಿನ ಹೀಗೇ ನಡೆಯಿತು. ಆಮೇಲೆ ಅವನಿಗೆ ಮೇಲ್ ಬಂತು. ನಿಮ್ಮ ವಿವರ ಖಚಿತಪಡಿಸಿಕೊಳ್ಳಲು ಆಗಲಿಲ್ಲ, ಸದಸ್ಯತ್ವ ಕೊಡಲಾಗುವುದಿಲ್ಲ ಎಂದು. ಕಟ್ಟಿದ್ದ ದುಡ್ಡು ವಾಪಸ್ ಬಂದಿತ್ತು. ಅವರು ಕಳ್ಳರಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ತಮ್ಮ ಆ ಮೇಲನ್ನು ಮತ್ತೆ ಮತ್ತೆ ಓದಿದ. ನಂತರ ನನ್ನನ್ನು ನೋಡಿ ತನ್ನ ಕಿವಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಇದಕ್ಕೇ, ಅಲ್ಲವಾ?

ನಾನು ತಲೆ ತಗ್ಗಿಸಿದೆ. ಅವನ ಕಣ್ಣಿಗೆ ತಲೆ ತಗ್ಗಿಸುವುದೂ ಹೌದು ಅನ್ನುವುದೂ ಒಂದೇ. ಅದು ಗೊತ್ತಿದ್ದೇ ನಾನು ತಲೆ ಎತ್ತಲಿಲ್ಲ.

ಎರಡು ತಿಂಗಳು ಬಾಯಿ ಬಿಡಲಿಲ್ಲ. ಹೇಳಿದರೆ ಅವನು ಏನು ಮಾಡುತ್ತಾನೆ ಎಂಬ ಹೆದರಿಕೆ ಒಂದು ಕಡೆ, ಹೇಳದಿದ್ದರೆ ಯಾವತ್ತಾದರೂ ತಿಳಿದುಬಿಡುತ್ತದೆ ಎಂಬ ಹೆದರಿಕೆ ಇನ್ನೊಂದು ಕಡೆ. ಊಟಕ್ಕೆ ಕುಳಿತರೂ ಅವನ ಎದುರಿಗೆ ಕೂರುತ್ತಿರಲಿಲ್ಲ, ಪಕ್ಕಕ್ಕೆ ಕೂರುತ್ತಿದ್ದೆ. ಎದುರಿಗೆ ಕುಳಿತರೆ ಮಾತಾಡಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಎಂಥದೋ ಸದ್ದು ಕೇಳಿಸಿತು. ಒಡಕು ಒಡಕಾದ, ಗಂಟಲು ಹರಿಯುವಂಥ ಸದ್ದು. ಅವ್ವ ಒಲೆ ಮುಂದಿನಿಂದ ಎದ್ದು ಬಂದಳು.

"ಎಮ್ಮೆ ಬೆದೆಗೆ ಬಂದದೆ ಅಂದ್ಕಂಡೆ ಕಣಪ್ಪ. ನೋಡುದ್ರೆ ಇವ್ನು. ಒಂದು ವಾರದಿಂದ ಇಂಗೇ ಒದರ್ತಾವ್ನೆ. ಏನಾಗದೆ ಇವ್ನಿಗೆ?"

ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ತಮ್ಮ ಕಂಬಕ್ಕೆ ಒಂದು ಸಣ್ಣ ಕನ್ನಡಿ ಸಿಕ್ಕಿಸಿಕೊಂಡು, ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡು, ಬಾಯಿಯ ಆಕಾರ ನೋಡಿಕೊಳ್ಳುತ್ತಾ ಅದದೇ ಸದ್ದು ಹೊರಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ನನಗೆ ತಿಳಿಯಿತು. ಅದು ಅವನ ಹೆಸರು. ಅವನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಇನ್ನೊಂದು ಸಲ ಅರ್ಜಿ ಹಾಕಿದಾಗ ಫೋನ್ ಬಂದರೆ, ಆ ಕಡೆಯ ಮಾತು ಕೇಳಿಸದಿದ್ದರೂ ತನ್ನ ಹೆಸರನ್ನಾದರೂ ತಾನೇ ಹೇಳಬೇಕೆಂದು ಕಲಿಯುತ್ತಿದ್ದ.

ಅವನಿಗೆ ಬೆನ್ನ ಹಿಂದೆ ನಿಂತವನ ಅಳು ಕೇಳಿಸುವುದಿಲ್ಲ. ಅದಕ್ಕೂ ನಾನು ಅವತ್ತು ಸಮಾಧಾನ ಪಟ್ಟುಕೊಂಡೆ. ಅಷ್ಟು ಹೇಡಿ ನಾನು.

ಆ ಭಾನುವಾರ ನಾಲೆಯಲ್ಲಿ ಇಬ್ಬರೂ ಎಮ್ಮೆ ತೊಳೆಯುತ್ತಿದ್ದೆವು. ಅವನ ತೋಳು ಹಿಡಿದು ನನ್ನ ಕಡೆ ತಿರುಗಿಸಿದೆ. ಫೋನ್ ಬಂದಿತ್ತು ಎಂದು ತೋರಿಸಿದೆ. ಅವನು ಹುಬ್ಬೇರಿಸಿದ. ನೀನು ಏನಂದೆ?

ಆಲೆಮನೆಯಲ್ಲಿ ನಾಲಿಗೆಯಿಂದ ಅಷ್ಟು ಸಲೀಸಾಗಿ ಜಾರಿದ ಮಾತು ಕೈಗೆ ಬರಲಿಲ್ಲ. ಎದೆ ಮುಟ್ಟಿಕೊಂಡೆ. ಅಂಗೈಯನ್ನು ಸೊಂಟದ ಮಟ್ಟಕ್ಕೆ ಇಳಿಸಿದೆ. ನನ್ನ ತಮ್ಮ. ಕೈ ಅಲ್ಲೇ ನಿಂತಿತು. ಅವನು ಕಾಯುತ್ತಿದ್ದ. ಆಮೇಲೆ ಎರಡೂ ಅಂಗೈ ಒರೆಸಿ, ಅವನ ಮುಖದ ಮುಂದೆ ಬರಿದಾಗಿ ಹಿಡಿದೆ.

ಅವನು ಮೊದಲು ನನ್ನ ಕೈ ನೋಡಿದ, ಆಮೇಲೆ ಮುಖ ನೋಡಿದ. ತನ್ನ ಕಿವಿ ಮುಟ್ಟಿ, ಬೆರಳಾಡಿಸಿ ಕೇಳಿದ: ಹಾಗಾದರೆ ಕಿವಿಯಿಂದ ಅಲ್ಲ? ಅಲ್ಲ ಎಂದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ನಾನು ಭಯ ಎಂದು ತೋರಿಸಲು ಕೈ ಎತ್ತುವಷ್ಟರಲ್ಲಿ ಅವನು ಕಣ್ಣು ಮುಚ್ಚಿಕೊಂಡ. ಅವನು ಕಣ್ಣು ಮುಚ್ಚಿದರೆ ಮಾತು ಮುಗಿಯಿತು. ಜಗತ್ತಿನಲ್ಲಿ ಯಾರೂ ಅವನಿಗೆ ಏನನ್ನೂ ಹೇಳಲಾಗುವುದಿಲ್ಲ. ನೀರಿನ ನಡುವೆ ಹಾಗೇ ನಿಂತಿದ್ದ. ನಾನು ಎಮ್ಮೆ ಹೊಡೆದುಕೊಂಡು ಒಬ್ಬನೇ ಬಂದೆ.

ಮುಂದಿನ ಸಲದ ಅರ್ಜಿಗೆ ಶ್ರೀರಂಗಪಟ್ಟಣದಲ್ಲಿರುವ ತನ್ನ ಶಾಲೆಯ ಗೆಳೆಯನ ಅಕ್ಕನ ನಂಬರು ಕೊಟ್ಟ. ಆಕೆ ಹೂಂ ಅಂದಳು. ಸದಸ್ಯತ್ವ ಸಿಕ್ಕಿತು, ಆಪ್ ಈಗ ಎಲ್ಲರಿಗೂ ಸಿಗುತ್ತದೆ. ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ಆ ಕಾರ್ಡು ತೋರಿಸುತ್ತಿದ್ದುದನ್ನು ಅವನೇ ಕಂಡನಂತೆ. ಅದನ್ನು ಅವ್ವನಿಗೆ ಸನ್ನೆ ಮಾಡಿ ಹೇಳಿದ, ನಾನು ಪಕ್ಕದಲ್ಲಿದ್ದೆ. ನನ್ನ ಜೊತೆ ಮಾತು ಬಿಟ್ಟಿಲ್ಲ. ಮೇವು ಆಯಿತಾ, ಊಟ ಆಯಿತಾ, ಎಲ್ಲ ಕೇಳುತ್ತಾನೆ. ಆದರೆ ಫೋನ್ ಮಾಡಿಕೊಡು ಎಂದು ಬರುವುದಿಲ್ಲ. ಗ್ಯಾಸಿನವರ ಫೋನೂ ಈಗ ನನಗೆ ಬರುವುದಿಲ್ಲ.

ಅವನ ಫೋನಿನಲ್ಲಿ ಆ ಕೆಂಪು ಕಾರ್ಡಿನ ಕೆಳಗೆ ಈಗ ಯಾರ ನಂಬರಿದೆಯೋ ನನಗೆ ಗೊತ್ತಿಲ್ಲ. ಅವನು ಸ್ನಾನಕ್ಕೆ ಹೋದಾಗ ಫೋನು ಚಾಪೆಯ ಮೇಲೇ ಬಿದ್ದಿರುತ್ತದೆ, ಬೀಗವೂ ಇಲ್ಲ. ಎರಡು ಸಲ ಕೈಗೆ ತೆಗೆದುಕೊಂಡು, ತೆರೆಯದೆ ಇಟ್ಟಿದ್ದೇನೆ.

ಆಲೆಮನೆಯಲ್ಲಿ ಗೊತ್ತಿಲ್ಲದ ನಂಬರು ಬಂದರೆ ಪಾಕ ಯಾವ ಹದದಲ್ಲಿದ್ದರೂ ಎದ್ದು ಹೊರಗೆ ಹೋಗಿ ಎತ್ತುತ್ತೇನೆ. "ಉರಿ ಬುಟ್ಟು ಎಲ್ಲಿಗ್ಲಾ ಓಡ್ತೀಯ?" ಎಂದು ಬೈಸಿಕೊಳ್ಳುತ್ತೇನೆ. ಯಾರೋ ಕಂಡಕ್ಟರು, ಯಾರೋ ಡಾಕ್ಟರು, ಇಲ್ಲೊಬ್ಬರು ಕಾರ್ಡು ತೋರಿಸುತ್ತಿದ್ದಾರೆ, ಅವರು ನಿಮಗೇನಾಗಬೇಕು ಎಂದು ಕೇಳಬಹುದು. ಹಾಗೆ ಕೇಳಿದರೆ ಅವನಿಗೆ ಏನೋ ಆಗಿದೆ ಎಂದರ್ಥ, ಅದಕ್ಕೆ ಎದೆ ಹೊಡೆದುಕೊಳ್ಳುತ್ತದೆ. ಕೇಳದೇ ಹೋದರೆ ಆ ಕಾರ್ಡಿನಲ್ಲಿ ಈಗ ನನ್ನ ನಂಬರಿಲ್ಲ ಎಂದಿರಬಹುದು, ಅದಕ್ಕೂ ಹೊಡೆದುಕೊಳ್ಳುತ್ತದೆ. ಇಲ್ಲಿಯವರೆಗೆ ಬಂದವೆಲ್ಲ ಲೋನು ಬೇಕಾ ಎನ್ನುವ ಫೋನುಗಳು.