ಹದಿನೇಳನೇ ಚೀಟಿ

ಬೆಳಗಿನ ಐದೂವರೆ. ಪೂರ್ವ ಸೇತುವೆಯ ಕೆಳಗೆ ಬೀದಿದೀಪ ಇನ್ನೂ ಆರಿಲ್ಲ. ದಿಂಗ್ ಸೂಲಾನ್ ಕಬ್ಬಿಣದ ಸ್ಟೂಲನ್ನು ದರದರ ಎಳೆದು ತಂದು, ಅಲುಗಾಡುವ ಕಾಲಿನ ಕೆಳಗೆ ಇಟ್ಟಿಗೆ ಚೂರು ತುರುಕಿ, ಮೇಲೆ ಹತ್ತಿ ನಿಲ್ಲುತ್ತಾರೆ. ಎದುರಿಗೆ ಮುನ್ನೂರು ಜನ. ಎಲ್ಲರ ಕಾಲ ಬುಡದಲ್ಲೂ ಅವರವರ ಕಸುಬು ಕಾಣುವಂತೆ ಇಟ್ಟಿದೆ. ಗಾರೆಯವರ ಮುಂದೆ ಕರಣೆ, ಬಣ್ಣದವರ ಮುಂದೆ ಬ್ರಷ್ಷು, ಅಡುಗೆ ಕೆಲಸಕ್ಕೆ ಬಂದ ಹೆಂಗಸರ ಮುಂದೆ ಮಡಿಸಿದ ಏಪ್ರನ್. ಬಾಯಿ ಬಿಟ್ಟು ಕೇಳುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ.

"ಒಂದು!" ಎಂದು ಸೂಲಾನ್ ಮೈಕಿನಲ್ಲಿ ಕೂಗುತ್ತಾರೆ. "ಒಂದು!" ಎಂದು ಮುನ್ನೂರು ಗಂಟಲು ಒಟ್ಟಿಗೆ ಒಪ್ಪಿಸುತ್ತವೆ.

"ಹೊಸ ಬಡಾವಣೇಲಿ ಟೈಲ್ಸ್ ಹಾಕೋಕೆ ನಾಲ್ಕು ಜನ. ಮಧ್ಯಾಹ್ನದ ಊಟ ಅವರದೇ. ಕುಡಿದು ಬರೋರು ಬೇಡವಂತೆ. ಏ ಕೆಂಪು ಟೋಪಿ, ಎತ್ತಲೋ ನೋಡ್ಬೇಡ, ನಿನಗೇ ಹೇಳ್ತಿರೋದು!"

ಜನ ಗೊಳ್ಳೆಂದು ನಗುತ್ತಾರೆ. ಸೂಲಾನ್ ನಗುವುದಿಲ್ಲ. ಅವರ ಹತ್ತಿಕೋಟಿನ ಒಳಜೇಬಿನಲ್ಲಿ ಇವತ್ತು ಒಂದು ಚೀಟಿ ಇದೆ. ಅದನ್ನು ಕೂಗುವ ಮನಸ್ಸು ಅವರಿಗಿಲ್ಲ.

ಸೂಲಾನ್ ಅವರಿಗೆ ನಲವತ್ನಾಲ್ಕು ವರ್ಷ. ಗನ್ಸು ಪ್ರಾಂತ್ಯದ ಈ ಸಣ್ಣ ಪಟ್ಟಣದಲ್ಲಿ ಸರ್ಕಾರ ನಡೆಸುವ ಉದ್ಯೋಗ ಕೇಂದ್ರದ ದನಿ ಅವರೇ. ಕೇಂದ್ರವೆಂದರೆ ಸೇತುವೆಯ ಪಕ್ಕದ ಎರಡು ಕೋಣೆ, ನಾಲ್ಕು ಬೆಂಚು, ಬಿಸಿನೀರಿನ ಡ್ರಮ್ಮು ಮತ್ತು ಒಂದು ಹೀಟರ್. ಮಧ್ಯಾಹ್ನದಿಂದ ಸಂಜೆಯವರೆಗೆ ಗುತ್ತಿಗೆದಾರರು, ಹೋಟೆಲಿನವರು, ಶಾಲೆಯವರು ಫೋನು ಮಾಡಿ ಯಾರು ಬೇಕು, ಎಷ್ಟು ಜನ ಬೇಕು ಎಂದು ಹೇಳುತ್ತಾರೆ. ಸೂಲಾನ್ ಒಂದೊಂದನ್ನೂ ಚೀಟಿಯಲ್ಲಿ ಬರೆದು, ನಂಬರ್ ಹಾಕಿ, ಬೆಳಿಗ್ಗೆ ಕೂಗುತ್ತಾರೆ. ದಿನಕ್ಕೆ ಮೂವತ್ತರಿಂದ ನಲವತ್ತು ಚೀಟಿ, ವ್ಯಾನು ಹತ್ತಿ ಹೋಗುವವರು ನೂರಿಪ್ಪತ್ತರ ಆಸುಪಾಸು. ಮೂರು ವರ್ಷದಲ್ಲಿ ಅವರು ರಜೆ ಹಾಕಿದ್ದು ಎರಡೇ ದಿನ, ತಾಯಿ ತೀರಿಕೊಂಡಾಗ.

ನಂಬರ್ ಹಾಕುವ ಪದ್ಧತಿ ಸೂಲಾನ್ ಅವರದೇ ತಲೆ. ಮೊದಲು ಇಲ್ಲಿ ದಲ್ಲಾಳಿಗಳ ಕಾರುಬಾರಿತ್ತು. ಒಳ್ಳೆ ಕೆಲಸ ಬಂದರೆ ಜೇಬಿಗಿಳಿಸಿ, ತಮ್ಮವರಿಗೆ ಕೊಟ್ಟು, ಉಳಿದವರಿಗೆ ಮಣ್ಣು ಹೊರುವ ಕೆಲಸ ಕೂಗುತ್ತಿದ್ದರು. "ಅದಕ್ಕೇ ನಾನು ಬಂದ ವಾರಾನೇ ಹೇಳ್ದೆ, ನಂಬರ್ ಹಾಕಿ ಕೂಗ್ತೀನಿ, ನೀವೂ ಜೊತೇಲಿ ಎಣಿಸಿ ಅಂತ. ಒಂದು ಹಾರಿದ್ರೂ ಕಾಲರ್ ಹಿಡೀರಿ ಅಂದಿದ್ದೆ," ಎನ್ನುತ್ತಾರೆ.

ಆದರೆ ಕೆಲಸ ಕೊಡಿಸುವ ಈ ಹೆಂಗಸು ಸ್ವತಃ ಕೆಲಸ ಸಿಗದವರ ಪಟ್ಟಿಯಲ್ಲಿದ್ದವರು. ಬೇರೆಲ್ಲೂ ಕೆಲಸ ಸಿಗದವರಿಗೆಂದು ಸರ್ಕಾರ ಕೊಡುವ ಜಾಗ ಇದು. ಮೂರು ವರ್ಷ ಕಳೆದ ಮೇಲೆ ಎದ್ದು ಮುಂದಿನವರಿಗೆ ಬಿಟ್ಟುಕೊಡಬೇಕು. ಹೆಂಗಸರಿಗೆ ಐವತ್ತಕ್ಕೆ ನಿವೃತ್ತಿ; ಅದಕ್ಕೆ ಐದು ವರ್ಷವೋ ಕಮ್ಮಿಯೋ ಉಳಿದಿದ್ದರೆ ಹಾಗೇ ಮುಂದುವರಿಸುತ್ತಾರೆ. ಸೂಲಾನ್ ಅವರಿಗೆ ಆ ಲೆಕ್ಕಕ್ಕೆ ಏಳು ತಿಂಗಳು ಸಾಲದು. ಇವತ್ತು ಮಾರ್ಚ್ ಹನ್ನೆರಡು, ತಿಂಗಳ ಕೊನೆಗೆ ಅವರ ಮೂರು ವರ್ಷ ಮುಗಿಯುತ್ತದೆ.

"ಹೊಟ್ಟೆ ಉರಿಯಲ್ವಾ ಅಂತ ಕೇಳ್ತೀರಾ? ಉರಿಯುತ್ತೆ ರೀ. ಸುಳ್ಳು ಯಾಕೆ ಹೇಳ್ಲಿ? ವ್ಯಾನ್ ಬಾಗಿಲು ಹಾಕ್ಕೊಂಡು ಹೋಗುತ್ತಲ್ಲ, ಆ ಸದ್ದಿಗೇ ಉರಿಯುತ್ತೆ. ಇವಳಿಗೆ ಸಿಕ್ತು, ಅವನಿಗೆ ಸಿಕ್ತು, ಕೂಗಿ ಕೂಗಿ ಗಂಟಲು ಹರಕೊಂಡ ನನಗೇನು ಸಿಕ್ತು? ಮನೆಗೆ ಹೋಗಿ ಈರುಳ್ಳಿ ಹೆಚ್ಚುವಾಗ್ಲೂ ಅದೇ ಯೋಚನೆ."

ಆ ಉರಿಯಲ್ಲಿ ದೊಡ್ಡ ಪಾಲು ತಾವ್ ಛುನ್ನಿಯದು. ಇಬ್ಬರೂ ಹತ್ತೊಂಬತ್ತಕ್ಕೆ ಊರಿನ ಉಣ್ಣೆ ಗಿರಣಿ ಸೇರಿದವರು, ಅಕ್ಕಪಕ್ಕದ ಯಂತ್ರದವರು. ಒಂದು ವರ್ಷ ಮಾದರಿ ಕೆಲಸಗಾರ್ತಿಯೆಂದು ಎದೆಗೆ ಕೆಂಪು ಹೂವು ಚುಚ್ಚಿಸಿಕೊಂಡವಳು ಛುನ್ನಿ. "ಆ ವರ್ಷ ನನ್ನ ಯಂತ್ರದಲ್ಲಿ ಎಳೆ ಹರಿದಿದ್ದು ಅವಳಿಗಿಂತ ಕಮ್ಮಿ. ಅವಳು ನಗ್ತಾಳೆ, ನಾನು ನಗಲ್ಲ, ಅದಕ್ಕೆ ಹೂವು ಅವಳಿಗೆ," ಎಂದು ಸೂಲಾನ್ ಇವತ್ತಿಗೂ ಮೂಗು ಮುರಿಯುತ್ತಾರೆ. ಗಿರಣಿ ಮುಚ್ಚಿದ ದಿನ ಇಬ್ಬರೂ ಒಂದೇ ಗೇಟಿನಿಂದ ಹೊರಬಿದ್ದರು. ಛುನ್ನಿ ತಳ್ಳುಗಾಡಿಯಲ್ಲಿ ಹಬೆಬನ್ನು ಮಾರಿದಳು. ರಸ್ತೆ ಅಗಲವಾಗಿ ಗಾಡಿ ಎತ್ತಂಗಡಿಯಾದ ಮೇಲೆ ಹೋದ ಚಳಿಗಾಲದಿಂದ ಅವಳೂ ಸೇತುವೆಯ ಕೆಳಗೆ ಏಪ್ರನ್ ಇಟ್ಟುಕೊಂಡು ನಿಲ್ಲುತ್ತಾಳೆ.

ನಿನ್ನೆ ನಾಲ್ಕು ಗಂಟೆಗೆ ಬಂದ ಫೋನು ಸೂಲಾನ್ ಅವರ ನಿದ್ದೆ ಕೆಡಿಸಿದೆ. ವೃತ್ತಿಶಿಕ್ಷಣ ಶಾಲೆಯ ಅಡುಗೆಮನೆಗೆ ಒಬ್ಬಳು ಹೆಂಗಸು ಬೇಕು. ದಿನಗೂಲಿಯಲ್ಲ, ಕರಾರು ಪತ್ರ, ವಿಮೆ, ನಿವೃತ್ತಿಯವರೆಗೂ ಕೆಲಸ. ಬೆಳಿಗ್ಗೆ ಏಳಕ್ಕೆ ಮೇಲ್ವಿಚಾರಕರೇ ಸೇತುವೆಗೆ ಬಂದು ಆರಿಸಿಕೊಳ್ಳುತ್ತಾರೆ. ಸೂಲಾನ್ ಅಭ್ಯಾಸಬಲದಿಂದ 'ಹದಿನೇಳು' ಎಂದು ಬರೆದರು. ಕೂಗಿದರೆ ಕೆಲಸ ಛುನ್ನಿಯ ಪಾಲು, ಅದರಲ್ಲಿ ಅನುಮಾನವೇ ಇಲ್ಲ. ಕೂಗದಿದ್ದರೆ, ಏಳಕ್ಕೆ ಬಂದ ಮನುಷ್ಯನ ಮುಂದೆ ನಿಲ್ಲುವವರು ತಾವೊಬ್ಬರೇ. ಚೀಟಿ ಒಳಜೇಬು ಸೇರಿತು. ಆಮೇಲೆ ಬಂದ ಫೋನಿಗೆ ಅದೇ ಕೈ ಅದೇ ಅಭ್ಯಾಸದಲ್ಲಿ 'ಹದಿನೆಂಟು' ಎಂದು ಬರೆಯಿತು. ತಪ್ಪಾದದ್ದು ಅಲ್ಲೇ.

"ಹದಿನಾರು! ಗೋಡಾನಿನಲ್ಲಿ ಆಲೂಗಡ್ಡೆ ಆರಿಸೋಕೆ ಎಂಟು ಹೆಂಗಸರು."

"ಹದಿನಾರು!"

"ಹದಿನೆಂಟು! ಲಾರಿ..."

ಯಾರೂ ಒಪ್ಪಿಸುವುದಿಲ್ಲ.

"ಹದಿನೇಳು ಎಲ್ಲಿ ಹೋಯ್ತಮ್ಮಾ?" ಎಂದು ಮುಂದಿನ ಸಾಲಿನಿಂದ ಬಿಳಿ ಟೋಪಿಯ ಮಾ ತಾತ ಕೇಳುತ್ತಾನೆ. ಅರವತ್ತು ದಾಟಿದ ಗಾರೆಯವನು, ಮೊದಲ ದಿನದಿಂದ ಇವರ ಜೊತೆ ಎಣಿಸಿದವನು.

"ಅದು ಕ್ಯಾನ್ಸಲ್ ಆಯ್ತು ತಾತ," ಎಂದುಬಿಟ್ಟರೆ ಮುಗಿದೇ ಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿದೆ. ಆದರೆ ತಾತನ ಮುಖದಲ್ಲಿ ಸಿಟ್ಟಿಲ್ಲ. ಅವಳಿಗೆ ಲೆಕ್ಕ ತಪ್ಪಿರಬೇಕು, ಪಾಪ, ಎಂದು ಅವನು ಕನಿಕರದಿಂದ ನೋಡುತ್ತಿದ್ದಾನೆ. ಸೂಲಾನ್‌ಗೆ ತಡೆಯಲಾಗದ್ದು ಅದೇ.

ಅವರು ಕೋಟಿನ ಗುಂಡಿ ಬಿಚ್ಚುತ್ತಾರೆ.

"ಹದಿನೇಳು ನನ್ನ ಜೇಬಲ್ಲಿತ್ತು. ನನಗೇ ಇರ್ಲಿ ಅಂತ ಇಟ್ಕೊಂಡಿದ್ದೆ. ಬೈಯೋರು ಆಮೇಲೆ ಬೈರಿ, ಈಗ ಕೇಳಿಸ್ಕೊಳ್ಳಿ."

ಓದುತ್ತಾರೆ. ಕರಾರು, ವಿಮೆ, ನಿವೃತ್ತಿ, ಒಂದಕ್ಷರ ಬಿಡುವುದಿಲ್ಲ. ಗುಂಪಿನಲ್ಲಿ ಗುಸುಗುಸು ಎದ್ದು, "ಇವಳೂ ದಲ್ಲಾಳಿ ಜಾತಿನೇ!" ಎಂದು ಕೆಂಪು ಟೋಪಿಯವನು ಕೂಗುತ್ತಾನೆ. ಮಾ ತಾತ ಅವನತ್ತ ತಿರುಗಿ, "ದಲ್ಲಾಳಿ ಯಾವತ್ತಾದ್ರೂ ಜೇಬು ತೋರಿಸಿದ್ನೇನೋ? ಬಾಯ್ಮುಚ್ಚು," ಎನ್ನುತ್ತಾನೆ. ಆಮೇಲೆ ಸ್ಟೂಲಿನತ್ತ ನೋಡಿ ಗಟ್ಟಿಯಾಗಿ ಒಪ್ಪಿಸುತ್ತಾನೆ: "ಹದಿನೇಳು!" ಉಳಿದವರು ಸ್ವಲ್ಪ ತಡವಾಗಿ ದನಿಗೂಡಿಸುತ್ತಾರೆ.

ಚೀಟಿಗಳೆಲ್ಲ ಮುಗಿದ ಮೇಲೆ ಸೂಲಾನ್ ಇಳಿದು, ಕೋಣೆಯಿಂದ ತಮ್ಮದೊಂದು ಹಳೆಯ ಏಪ್ರನ್ ತಂದು, ಛುನ್ನಿಯ ಏಪ್ರನ್ನಿನ ಪಕ್ಕದಲ್ಲೇ ನೆಲಕ್ಕೆ ಹಾಸುತ್ತಾರೆ. ಮೇಲ್ವಿಚಾರಕ ವೇಯ್ ಏಳಕ್ಕೆ ಸರಿಯಾಗಿ ಬಂದವರೇ ಒಂದೇ ಪ್ರಶ್ನೆ ಕೇಳುತ್ತಾರೆ. "ನಾನೂರು ಮಕ್ಕಳು. ದಿನಾ ಎರಡು ಮೂಟೆ ಹಿಟ್ಟು ನಾದಬೇಕು. ಕೈ ತೋರಿಸಿ ನೋಡೋಣ."

ಛುನ್ನಿಯ ಕೈ ಮೊಣಕೈವರೆಗೆ ಗಟ್ಟಿ, ಹತ್ತಾರು ವರ್ಷ ಹಿಟ್ಟು ನಾದಿದ ಕೈ. ಸೂಲಾನ್ ಅವರ ಬೆರಳಿನಲ್ಲಿ ಇರುವುದು ಪೆನ್ನಿನ ಶಾಯಿ. ಮೂರು ವರ್ಷ ಕೂತ ಸರ್ಕಾರಿ ಕುರ್ಚಿ ಅವರಿಗೆ ಸಂಬಳ ಕೊಟ್ಟಿತು, ಕಸುಬು ಕಲಿಸಲಿಲ್ಲ. ವೇಯ್ ಅವರ ಬೆರಳು ಛುನ್ನಿಯತ್ತ ತಿರುಗುತ್ತದೆ.

ಅರ್ಜಿ ತುಂಬಬೇಕಾದವರು ಮತ್ತೆ ಸೂಲಾನ್ ಅವರೇ. ಹೆಸರು, ವಯಸ್ಸು, ಗಿರಣಿಯ ಹೆಸರು, ಎಲ್ಲವನ್ನೂ ಕೇಳದೆಯೇ ಬರೆಯುತ್ತಾರೆ. ಪೆನ್ನು ಕಾಗದಕ್ಕೆ ತೂತು ಬೀಳುವ ಹಾಗೆ ಒತ್ತುತ್ತಿದೆ.

"ಹರಿದುಬಿಡ್ತೀಯ ಕಣೇ," ಎನ್ನುತ್ತಾಳೆ ಛುನ್ನಿ.

"ಹರಿದುಹಾಕ್ಬೇಕು ಅಂತಾನೇ ಇದೆ."

"ಗೊತ್ತು. ಚಳಿಗಾಲವೆಲ್ಲ ನಾನು ಇಲ್ಲಿ ನಡುಗ್ತಾ ನಿಂತು, ಹೀಟರ್ ಮುಂದೆ ಕೂತ ನಿನ್ನ ನೋಡಿ ಹಲ್ಲು ಕಡೀತಿದ್ದೆ. ಈ ಸ್ಟೂಲ್ ಮುರಿದು ಬೀಳ್ಲಿ ಅಂತ ಶಾಪ ಬೇರೆ ಹಾಕಿದ್ದೆ."

"ಅದಕ್ಕೇ ಕಾಲು ಅಲ್ಲಾಡೋದು, ಪಾಪಿ!" ಎನ್ನುತ್ತಾರೆ ಸೂಲಾನ್, ಮುಖ ಎತ್ತದೆ.

ಛುನ್ನಿ ಹತ್ತಿದ ವ್ಯಾನಿನ ಬಾಗಿಲು ಹಾಕಿಕೊಳ್ಳುತ್ತದೆ. ಸೂಲಾನ್ ಅದು ತಿರುವು ದಾಟುವವರೆಗೂ ನೋಡಿ, ಆಮೇಲೆ ಬಿಸಿನೀರಿನ ಲೋಟ ಹಿಡಿದು ಹೀಟರ್ ಮುಂದೆ ಕೂರುತ್ತಾರೆ. ಹೊಟ್ಟೆಕಿಚ್ಚು ಕಮ್ಮಿಯಾಯಿತೇ ಎಂದರೆ ತಲೆ ಅಡ್ಡಡ್ಡ ಆಡಿಸುತ್ತಾರೆ. "ಎಲ್ಲಿ ಆಗುತ್ತೆ? ನಾಳೆ ಅವಳು ಶಾಲೆಯ ಬಿಳಿ ಕೋಟು ಹಾಕ್ಕೊಂಡು ಇದೇ ದಾರೀಲಿ ಹೋಗ್ತಾಳೆ. ನೋಡ್ಬೇಕಲ್ಲ!"

ಲೋಟ ಬದಿಗಿಟ್ಟು, ನಾಳೆಗೆ ಬರೆಯಬೇಕಾದ ಖಾಲಿ ಚೀಟಿಗಳನ್ನು ಮುಂದಕ್ಕೆಳೆದುಕೊಳ್ಳುತ್ತಾರೆ.

"ಏಪ್ರಿಲ್ ಒಂದರಿಂದ ನಾನೂ ಆ ಸಾಲಲ್ಲಿ ನಿಲ್ಲೋಳೇ. ಈ ಸ್ಟೂಲ್ ಮೇಲೆ ಯಾರು ಬರ್ತಾರೋ ಗೊತ್ತಿಲ್ಲ, ಹೊಟ್ಟೆಕಿಚ್ಚಿನವಳೇ ಬರ್ಲಿ, ಪರವಾಗಿಲ್ಲ. ನಂಬರ್ ಹಾರಿಸದೆ ಕೂಗಿದ್ರೆ ಸಾಕು. ಹಾರಿಸಿದ್ರೆ ಕೇಳೋಕೆ ನಾನು ಮುಂದಿನ ಸಾಲಲ್ಲೇ ಇರ್ತೀನಿ."